ಕೆಚ್ಚಲು ಬಾವು: ಟ್ಯೂಬ್ ಏರಿಸುವ ಮುಂಚೆ ಹಾಲಿನ ಸ್ಯಾಂಪಲ್ ತೆಗೆಯಿರಿ

ಕೆಚ್ಚಲು ಗಟ್ಟಿಯಾಗಿದೆ, ಹಾಲು ಒಡೆದು ಬರ್ತಿದೆ ಅಂದ ಕೂಡಲೇ ತುಂಬಾ ಜನ ಹೋದ ಸಲ ಉಳಿದ ಆಂಟಿಬಯಾಟಿಕ್ ಟ್ಯೂಬನ್ನು ತೊಟ್ಟಿಗೆ ಏರಿಸುತ್ತಾರೆ. ಯಾವ ಬ್ಯಾಕ್ಟೀರಿಯಾ ಅಂತ ಯಾರೂ ನೋಡುವುದಿಲ್ಲ. ಆದರೆ ಒಂದೊಂದು ಬ್ಯಾಕ್ಟೀರಿಯಾದ ಗುಣ ಒಂದೊಂದು ಥರ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಎಷ್ಟೋ ತಳಿಗಳು ಪೆನಿಸಿಲಿನ್ನನ್ನೇ ಒಡೆದುಹಾಕುವ ಕಿಣ್ವ ಇಟ್ಟುಕೊಂಡಿವೆ. ಪೆನಿಸಿಲಿನ್ ಕೆಡಿಸುವುದು ಬ್ಯಾಕ್ಟೀರಿಯಾದ ಕೋಶದ ಗೋಡೆಯನ್ನು. ಮೈಕೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾಗೆ ಆ ಗೋಡೆಯೇ ಇಲ್ಲ, ಹಾಗಾಗಿ ಪೆನಿಸಿಲಿನ್ ಅದಕ್ಕೆ ನಾಟುವುದೇ ಇಲ್ಲ. ಹೀಗೆ ಸುಮ್ನೆ ಔಷಧಿ ಹಾಕಿದಷ್ಟೂ ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ.

ಹಾಗಾಗಿ ಮೊದಲು ಹಾಲು ಲ್ಯಾಬಿಗೆ ಹೋಗಬೇಕು. ಸ್ಯಾಂಪಲ್ ತೆಗೆಯುವುದು ಆಂಟಿಬಯಾಟಿಕ್ ಕೊಡುವ ಮುಂಚೆ, ಆಮೇಲಲ್ಲ. ಹಸುವಿಗೆ ಜ್ವರ ಜೋರಾಗಿದ್ದರೆ, ಮೇವು ಬಿಟ್ಟಿದ್ದರೆ, ಮೇಲೇಳದೆ ಮಲಗಿದ್ದರೆ ತಕ್ಷಣ ಪಶುವೈದ್ಯರನ್ನು ಕರೆಯಿರಿ. ಆಗಲೂ ಮೊದಲ ಡೋಸಿಗೆ ಮುಂಚೆ ನಾಲ್ಕು ಹನಿ ಹಾಲು ಹಿಡಿಯುವುದಕ್ಕೆ ಸಮಯ ಇದ್ದೇ ಇರುತ್ತದೆ.

ಬಾಟಲಿ ಸ್ಟೆರೈಲ್ ಆಗಿರಬೇಕು, ಅಂದರೆ ಒಳಗೆ ಒಂದೂ ಸೂಕ್ಷ್ಮಾಣು ಇರಬಾರದು. ಲ್ಯಾಬಿನಿಂದಲೇ ತನ್ನಿ. ಖಾಲಿ ಇಂಜೆಕ್ಷನ್ ಬಾಟಲಿಯನ್ನು ತೊಳೆದು ಬಳಸುವವರಿದ್ದಾರೆ, ದಯವಿಟ್ಟು ಬೇಡ. ಒಳಗೆ ಅಂಟಿಕೊಂಡ ಔಷಧಿಯೇ ಬ್ಯಾಕ್ಟೀರಿಯಾವನ್ನು ಕೊಂದು, ರಿಪೋರ್ಟಿನಲ್ಲಿ 'ಏನೂ ಬೆಳೆದಿಲ್ಲ' ಅಂತ ಬರಬಹುದು. ಹಸುವಿನ ಗುರುತು, ಯಾವ ತೊಟ್ಟು, ತಾರೀಖು ಎಲ್ಲವನ್ನೂ ಬಾಟಲಿ ಒಣಗಿರುವಾಗಲೇ ಬರೆದುಬಿಡಿ.

ಕೆಲಸ ಕೆಡುವುದು ತೊಟ್ಟು ಸ್ವಚ್ಛ ಮಾಡುವಾಗ. ಕೆಚ್ಚಲನ್ನೆಲ್ಲ ನೀರು ಸುರಿದು ತೊಳೆಯಬೇಡಿ. ಮೇಲಿನ ಕೊಳೆನೀರು ಇಳಿದಿಳಿದು ತೊಟ್ಟಿನ ತುದಿಗೇ ಬರುತ್ತದೆ. ತೊಟ್ಟುಗಳನ್ನಷ್ಟೇ ಒರೆಸಿ ಒಣಗಿಸಿ, ಕೈಗೆ ಹೊಸ ಗ್ಲೌಸ್ ಹಾಕಿ, ಮೊದಲ ಮೂರ್ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ ಚೆಲ್ಲಿ. ಆಮೇಲೆ 70% ಆಲ್ಕೋಹಾಲಿನಲ್ಲಿ ನೆನೆಸಿದ ಹತ್ತಿಯಿಂದ ತೊಟ್ಟಿನ ತುದಿಯನ್ನು, ಹಾಲು ಬರುವ ಆ ಸಣ್ಣ ತೂತನ್ನು ಒತ್ತಿ ತಿಕ್ಕಿ. ಹತ್ತಿ ನೋಡಿ. ಕಂದು ಬಣ್ಣ ಅಂಟಿದೆಯಾ? ಇನ್ನೊಂದು ಹೊಸ ಹತ್ತಿ ತಗೊಳ್ಳಿ. ಹತ್ತಿ ಬೆಳ್ಳಗೇ ಉಳಿಯುವ ತನಕ ನಿಲ್ಲಿಸಬೇಡಿ. ಒಂದು ತೊಟ್ಟಿಗೆ ಬಳಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ. ಸುವಾಸನೆಯ ಒದ್ದೆ ಟಿಶ್ಯೂ ಈ ಕೆಲಸಕ್ಕೆ ಆಗುವುದಿಲ್ಲ. ಸ್ಪ್ರೇ ಕೂಡ ನನಗೆ ಒಪ್ಪಿಗೆಯಿಲ್ಲ, ಕೊಳೆ ಹೋಗುವುದು ತಿಕ್ಕಿದರೇ. ಆಲ್ಕೋಹಾಲ್ ಪೂರ್ತಿ ಆರಲಿ, ಹಾಲಿಗೆ ತೊಟ್ಟಿಕ್ಕಬಾರದು.

ನಾಲ್ಕೂ ತೊಟ್ಟಿನ ಸ್ಯಾಂಪಲ್ ಬೇಕಿದ್ದರೆ ಒರೆಸುವಾಗ ಆಚೆ ಬದಿಯವು ಮೊದಲು, ಹಾಲು ಹಿಡಿಯುವಾಗ ಈಚೆ ಬದಿಯವು ಮೊದಲು. ಇಲ್ಲದಿದ್ದರೆ ಒರೆಸಿಟ್ಟ ತೊಟ್ಟಿಗೆ ನಿಮ್ಮ ತೋಳೇ ತಾಗುತ್ತದೆ.

ಬಾಟಲಿಯನ್ನು ನೆಟ್ಟಗೆ ಹಿಡಿಯಬೇಡಿ, ಓರೆಯಾಗಿ ಹಿಡಿಯಿರಿ. ನೆಟ್ಟಗಿದ್ದರೆ ಕೆಚ್ಚಲಿನ ಕೂದಲು, ಸಗಣಿಯ ಪುಡಿ ಸೀದಾ ಒಳಗೆ ಬೀಳುತ್ತವೆ. ಮುಚ್ಚಳವನ್ನು ನೆಲಕ್ಕಿಡದೆ, ಒಳಮೈ ಕೆಳಮುಖವಾಗಿ ಬೆರಳಲ್ಲೇ ಹಿಡಿದಿರಿ. ತೊಟ್ಟು ಬಾಟಲಿಯ ಬಾಯಿಗೆ ತಾಗಬಾರದು. 5ರಿಂದ 10 ಮಿಲಿ ಸಾಕು. ಬಕೆಟ್ಟಿನಿಂದ ಎತ್ತಿ ತುಂಬಿದರೆ ಅದು ಸ್ಯಾಂಪಲ್ ಅಲ್ಲವೇ ಅಲ್ಲ.

ತಕ್ಷಣ ಐಸ್ ಮೇಲಿಡಿ, 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ.

ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತಾಗುತ್ತದೆ. ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ಸೆನ್ಸಿಟಿವಿಟಿ ರಿಪೋರ್ಟ್ ಅದರ ಬೆನ್ನಿಗೇ ಬರುತ್ತದೆ. ಅದರಲ್ಲಿ 'ಆರ್' (ರೆಸಿಸ್ಟೆಂಟ್, ಅಂದರೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ) ಅಂತ ಇರುವ ಔಷಧಿಯನ್ನು, ಮನೆಯಲ್ಲಿ ಇದೆ ಅಂತ ಬಳಸಬೇಡಿ. ಮೂರ್ನಾಲ್ಕು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದಿದ್ದರೆ ಸ್ಯಾಂಪಲ್ ಕೊಳೆಯಾಗಿತ್ತು ಅಂತಲೇ ಲೆಕ್ಕ, ಮತ್ತೆ ತೆಗೆಯಿರಿ. ಏನೂ ಬೆಳೆಯದಿದ್ದರೂ ಗಾಬರಿ ಬೇಡ. ಇ. ಕೋಲಿಯಂಥವನ್ನು ಎಷ್ಟೋ ಸಲ ಹಸುವಿನ ಮೈಯೇ ಹೊರಗೆ ಹಾಕಿರುತ್ತದೆ. ಬಾವು ಸಣ್ಣದಿದ್ದರೆ ಆಂಟಿಬಯಾಟಿಕ್ ಬೇಕೇ ಅಂತ ವೈದ್ಯರನ್ನು ಕೇಳಿ. ಆದರೆ ಅದೇ ತೊಟ್ಟು ಪದೇ ಪದೇ ಊದುತ್ತಿದ್ದರೆ ಒಂದು ರಿಪೋರ್ಟನ್ನು ನಂಬಿ ಕೂರಬೇಡಿ. ಸ್ಟ್ಯಾಫಿಲೊಕಾಕಸ್ ಆರಿಯಸ್ ಒಂದು ದಿನ ಹಾಲಲ್ಲಿ ಬರುತ್ತದೆ, ಇನ್ನೊಂದು ದಿನ ಬರುವುದಿಲ್ಲ. ಕೆಲವು ದಿನ ಬಿಟ್ಟು ಇನ್ನೊಂದು ಸ್ಯಾಂಪಲ್ ಕಳಿಸಿ.