ಮಲಗಿದ ಇನ್ವರ್ಟರ್ ಬ್ಯಾಟರಿಯನ್ನು ಎಬ್ಬಿಸುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟು ಬರಲು ಎರಡು ಮೂರು ದಿನ ಆಗುವುದುಂಟು. ಒಳಹಳ್ಳಿಯಾದರೆ ಇನ್ನೂ ಜಾಸ್ತಿ. ಅಷ್ಟರಲ್ಲಿ ಇನ್ವರ್ಟರ್ ಬ್ಯಾಟರಿ ಪೂರ್ತಿ ಖಾಲಿ. ಕರೆಂಟು ಬಂದ ಮೇಲೂ ಅದು ಏಳುವುದಿಲ್ಲ. ಆಗ ಕೆಲವರು ಬ್ಯಾಟರಿ ಸತ್ತಿತು ಎಂದು ಗುಜರಿಗೆ ಹಾಕುತ್ತಾರೆ. ಇನ್ನು ಕೆಲವರು ಯಾರನ್ನೋ ಕರೆಸಿ ಆಸಿಡ್ ಹೊಯ್ಸುತ್ತಾರೆ. ಎರಡು ಮೂರು ವರ್ಷದ ಒಳ್ಳೊಳ್ಳೆಯ ಬ್ಯಾಟರಿಗಳು ಹೀಗೆ ಹಾಳಾಗುವುದನ್ನು ನೋಡಿ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ಮನೆಗಳಲ್ಲಿ ಇರುವ, ನೀರು ಹಾಕುವ 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿಯ ಮಾತು. ಲೆಕ್ಕಕ್ಕೆ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಎಂದು ಹಿಡಿಯೋಣ.

ಯಾಕೆ ಮಲಗುತ್ತದೆ?

ಬ್ಯಾಟರಿ ಸುಮಾರು 10.5 ವೋಲ್ಟಿಗೆ ಇಳಿದಾಗ ಇನ್ವರ್ಟರ್ ತಾನೇ ಕಟ್ ಆಗುತ್ತದೆ. ಲೋಡ್ ಹೋದ ಕೂಡಲೇ ವೋಲ್ಟೇಜ್ ಸ್ವಲ್ಪ ಮೇಲೆ ಬರುತ್ತದೆ. ಇನ್ನೂ ಕರೆಂಟು ಉಳಿದಿದೆ ಎಂದುಕೊಂಡು ಮನೆಯವರು ಮತ್ತೆ ಸ್ವಿಚ್ ಒತ್ತುತ್ತಾರೆ. ಐದು ನಿಮಿಷ ಲೈಟು ಉರಿದು ಮತ್ತೆ ಕಟ್. ಮತ್ತೆ ಒತ್ತುತ್ತಾರೆ. ಬ್ಯಾಟರಿಯನ್ನು ನಿಜವಾಗಿ ಕೆಡಿಸುವುದು ಈ ಒತ್ತಾಟವೇ.

ಖಾಲಿಯಾಗುತ್ತಾ ಹೋದಂತೆ ಆಸಿಡ್‌ನಲ್ಲಿರುವ ಸಲ್ಫೇಟ್ ಎರಡೂ ಕಡೆಯ ಪ್ಲೇಟುಗಳಿಗೆ ಹೋಗಿ ಸೀಸದ ಸಲ್ಫೇಟ್ ಆಗಿ ಕೂರುತ್ತದೆ. ಉಳಿಯುವುದು ಬಹುಪಾಲು ನೀರು. ಬೇಗ ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ವಾಪಸ್ ಬರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಜಗ್ಗುವುದಿಲ್ಲ. ಹಾಗಾಗಿ ಖಾಲಿಯಾಗಿ ನಾಲ್ಕು ದಿನವಾದ ಬ್ಯಾಟರಿಗೂ ನಾಲ್ಕು ತಿಂಗಳಾದ ಬ್ಯಾಟರಿಗೂ ಬಹಳ ವ್ಯತ್ಯಾಸ.

ಮೊದಲು ಜಾಗ, ಆಮೇಲೆ ಪಾನಾ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸ್ಫೋಟವಾಗುತ್ತದೆ. ಇರಚಲು ಹೊಡೆಯುತ್ತದೆ ಎಂದು ಮಳೆಗಾಲದಲ್ಲಿ ಕಿಟಕಿ ಬಾಗಿಲೆಲ್ಲ ಮುಚ್ಚಿರುತ್ತೇವೆ ಅಲ್ವಾ, ಆದ್ದರಿಂದ ಒಳಕೋಣೆಯಲ್ಲಿ ಈ ಕೆಲಸ ಬೇಡ. ಜಗುಲಿಗೋ, ಗಾಳಿಯಾಡುವ ಹಿಂದಿನ ಚಾವಡಿಗೋ ತನ್ನಿ. ತುಂಬಾ ಭಾರ, ಇಬ್ಬರು ಹಿಡಿಯಿರಿ. ಕರೆಂಟಿಲ್ಲವೆಂದು ನೀರಿನ ಮಟ್ಟ ನೋಡಲು ಮೇಣದಬತ್ತಿ, ಚಿಮಣಿ ಹಿಡಿದು ಬಗ್ಗುವವರಿದ್ದಾರೆ. ದಯವಿಟ್ಟು ಬೇಡ. ಟಾರ್ಚ್ ಸಾಕು. ಉಂಗುರ, ಬಳೆ, ವಾಚು ತೆಗೆದಿಡಿ. ಇನ್ವರ್ಟರ್ ಆಫ್ ಮಾಡಿ, ಮೊದಲು ಮೈನಸ್ ವೈರು ಬಿಚ್ಚಿ, ಆಮೇಲೆ ಪ್ಲಸ್.

ಕುಮಟಾ, ಅಂಕೋಲಾ, ಕಾರವಾರದವರಿಗೆ ಇಲ್ಲೊಂದು ಕೆಲಸ ಜಾಸ್ತಿ. ಉಪ್ಪುಗಾಳಿಗೆ ಟರ್ಮಿನಲ್ ಮೇಲೆ ಹಸಿರು-ಬಿಳಿ ಹಿಟ್ಟು ಬೇಗ ಕಟ್ಟುತ್ತದೆ. ಬ್ಯಾಟರಿ ಏಳದಿರಲು ಕೆಲವು ಸಲ ಇದೊಂದೇ ಕಾರಣ. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಹಳೇ ಬ್ರಶ್ಶಿನಿಂದ ತಿಕ್ಕಿ, ಒರೆಸಿ, ಒಣಗಿಸಿ. ಸೋಡಾ ನೀರು ಒಂದು ಹನಿಯೂ ಸೆಲ್ (ಬ್ಯಾಟರಿಯಲ್ಲಿರುವ ಆರು ಖಾನೆಗಳಲ್ಲಿ ಒಂದೊಂದೂ ಒಂದು ಸೆಲ್) ಒಳಗೆ ಹೋಗಬಾರದು. ಮುಚ್ಚಳ ಬಿಗಿ ಇದೆಯೇ ನೋಡಿಕೊಂಡೇ ತಿಕ್ಕಿ.

ನೀರು ಎಷ್ಟು, ಯಾವ ನೀರು

ಮುಚ್ಚಳದಲ್ಲಿರುವ ತೇಲುಬುರುಡೆಯನ್ನೇ ನಂಬಬೇಡಿ. ಕೊಳೆ ಕಟ್ಟಿ ಮೇಲೆಯೇ ಸಿಕ್ಕಿಕೊಂಡಿರುತ್ತದೆ. ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ಪ್ಲೇಟು ಮುಳುಗುವಷ್ಟು ಮಾತ್ರ ಈಗ ಹಾಕಿ. ಚಾರ್ಜ್ ಆಗುತ್ತಾ ಮಟ್ಟ ಏರುತ್ತದೆ. ಈಗಲೇ ಕಂಠಮಟ್ಟ ತುಂಬಿಸಿದರೆ ಆಮೇಲೆ ಆಸಿಡ್ ಹೊರಗೆ ಉಕ್ಕುತ್ತದೆ. ಪೂರ್ತಿ ಮಟ್ಟಕ್ಕೆ ತರುವುದು ಚಾರ್ಜ್ ಮುಗಿದ ಮೇಲೆ.

ಸೀಲ್ ಇರುವ ಡಬ್ಬಿಯ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಯಾವುದೂ ಬೇಡ. ನಮ್ಮ ಬಾವಿ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಕಬ್ಬಿಣ, ಸುಣ್ಣದ ಅಂಶ ಇರುತ್ತದೆ. ಹಂಚಿನ ಮೇಲಿಂದ ಹಿಡಿದ ಮಳೆ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು, ಇವೂ ಬೇಡ. ಬಣ್ಣ ಇರುವ ‘ಬ್ಯಾಟರಿ ನೀರು’ ಕೊಟ್ಟರೆ ಅಂಗಡಿಯಲ್ಲೇ ವಾಪಸ್ ಕೊಡಿ. ಸಲ್ಫೇಟ್ ಕರಗಿಸುತ್ತದೆ, ಆಯಸ್ಸು ಹೆಚ್ಚಿಸುತ್ತದೆ ಎಂದು ಪೊಟ್ಟಣದಲ್ಲಿ ಬರುವ ಪುಡಿಗಳೂ ಇವೆ. ಅದಕ್ಕೆ ದುಡ್ಡು ಸುರಿಯಬೇಡಿ.

ಆಸಿಡ್ ಅಂತೂ ಬೇಡವೇ ಬೇಡ. ಆಸಿಡ್ ಎಲ್ಲೂ ಹೋಗಿಲ್ಲ, ಸಲ್ಫೇಟ್ ಆಗಿ ಪ್ಲೇಟಿನಲ್ಲೇ ಕೂತಿದೆ. ಮೇಲಿಂದ ಹೊಯ್ದರೆ ಮೀಟರಿನ ಅಂಕಿ ಆ ಕ್ಷಣಕ್ಕೆ ಏರುತ್ತದೆ, ರಿಪೇರಿ ಆಯಿತು ಅನಿಸುತ್ತದೆ. ಚಾರ್ಜ್ ಆದಾಗ ಪ್ಲೇಟಿನ ಆಸಿಡೂ ಹೊರಗೆ ಬಂದು ಎರಡೂ ಸೇರಿ ವಿಪರೀತ ಗಡುಸಾಗಿ ಪ್ಲೇಟನ್ನೇ ತಿನ್ನುತ್ತದೆ. ಬ್ಯಾಟರಿ ಮಗುಚಿ ಆಸಿಡ್ ಚೆಲ್ಲಿದ್ದರೆ ಮಾತ್ರ ತುಂಬುವ ಪ್ರಶ್ನೆ. ಅದನ್ನು ಅಂಗಡಿಯವರೇ ಮಾಡಲಿ.

ನಿಧಾನ ಚಾರ್ಜ್: ಎಲ್ಲರೂ ಎಡವುವುದು ಇಲ್ಲೇ

ಬ್ಯಾಟರಿ ತೀರಾ ಇಳಿದಿದ್ದರೆ ಇನ್ವರ್ಟರ್ ಅದನ್ನು ಗುರುತಿಸುವುದೇ ಇಲ್ಲ. ‘ಸ್ಮಾರ್ಟ್’ ಚಾರ್ಜರುಗಳದ್ದೂ ಅದೇ ಕಥೆ. ನಮಗೆ ಬೇಕಾದದ್ದು ಗ್ಯಾರೇಜಿನವರ ಹತ್ತಿರ ಇರುವ ಹಳೇ ಮಾದರಿಯದು: ಮುಂದೆ ಆಂಪಿಯರ್ ಮುಳ್ಳು, ಕರೆಂಟು ಹೆಚ್ಚು ಕಡಿಮೆ ಮಾಡುವ ಗುಬ್ಬಿ. ಬಾಡಿಗೆಗೆ ಸಿಕ್ಕರೆ ತನ್ನಿ. ಗ್ಯಾರೇಜಿನಲ್ಲೇ ಬಿಟ್ಟು ಬರುವುದಾದರೆ ಎಷ್ಟು ಆಂಪಿಯರಿನಲ್ಲಿ ಇಡಬೇಕು ಎಂದು ಹೇಳಿಯೇ ಬನ್ನಿ. ಇಲ್ಲದಿದ್ದರೆ ಬೇಗ ಮುಗಿಸಲು ಜಾಸ್ತಿ ಇಡುತ್ತಾರೆ.

150 ಎಎಚ್ ಬ್ಯಾಟರಿಗೆ ಮಾಮೂಲಿ 15 ಆಂಪಿಯರ್. ಮಲಗಿದ್ದಕ್ಕೆ ಅದರರ್ಧ, 7 ಆಂಪಿಯರ್ ಸುತ್ತಮುತ್ತ. ಚಾರ್ಜರ್ ಆಫ್ ಇರುವಾಗಲೇ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಚ್ಚಿಸಿ, ಆಮೇಲೆ ಸ್ವಿಚ್ ಹಾಕಿ.

ಈಗ ಮೀಟರ್ ನೋಡಿ ಗಾಬರಿಯಾಗಬೇಡಿ. ಸಲ್ಫೇಟ್ ಕಟ್ಟಿದ ಬ್ಯಾಟರಿಯಲ್ಲಿ ಮುಳ್ಳು ಅಲ್ಲಾಡುವುದೇ ಇಲ್ಲ. ಅರ್ಧ ಆಂಪಿಯರ್ ಹೋದರೆ ದೊಡ್ಡದು. ಅತ್ತ ಮಲ್ಟಿಮೀಟರ್ ಹಿಡಿದರೆ ವೋಲ್ಟೇಜ್ ಸರ್ರನೆ 15ಕ್ಕೆ ಏರಿರುತ್ತದೆ. ಚಾರ್ಜ್ ತುಂಬಿತು ಎಂದು ಇಲ್ಲೇ ಬಿಚ್ಚುವವರು ಬಹಳ. ತುಂಬಿಲ್ಲ, ಬ್ಯಾಟರಿ ಇನ್ನೂ ಕರೆಂಟು ತೆಗೆದುಕೊಳ್ಳಲು ಶುರುವೇ ಮಾಡಿಲ್ಲ. ಗುಬ್ಬಿ ತಿರುಗಿಸಿ ಒತ್ತಾಯವಾಗಿ ನುಗ್ಗಿಸಬೇಡಿ, ಹಾಗೇ ಬಿಡಿ. ಕೆಲವು ಗಂಟೆ ಕಳೆದ ಮೇಲೆ ವೋಲ್ಟೇಜ್ ಮೆಲ್ಲಗೆ 13ರ ಆಸುಪಾಸಿಗೆ ಇಳಿದು ಮುಳ್ಳು ಏರತೊಡಗುತ್ತದೆ. 2, 3, 5 ಎಂದು ಹತ್ತುತ್ತದೆ. ಅದು ಕಂಡರೆ ಬ್ಯಾಟರಿ ಏಳುತ್ತಿದೆ ಎಂದರ್ಥ. ಒಂದು ಇಡೀ ದಿನ ಕಳೆದರೂ ಮುಳ್ಳು ಏಳದಿದ್ದರೆ ಆಸೆ ಬಿಡಿ.

ಮುಳ್ಳು 7 ದಾಟದಂತೆ ಗುಬ್ಬಿಯಿಂದ ಅಲ್ಲೇ ಹಿಡಿದಿಟ್ಟು ಚಾರ್ಜ್ ಮುಂದುವರಿಸಿ. ಅಲ್ಲಿಂದ ಖಾಲಿ ಬ್ಯಾಟರಿ ತುಂಬಲು ಲೆಕ್ಕದ ಪ್ರಕಾರ ಇಪ್ಪತ್ತು ಗಂಟೆ ಮೇಲೆ, ನಿಜಕ್ಕೆ ಒಂದೂವರೆ ಎರಡು ದಿನ. ನಡುವೆ ಕೈಯಿಟ್ಟು ನೋಡುತ್ತಿರಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ ಆಫ್ ಮಾಡಿ, ತಣಿದ ಮೇಲೆ ಮುಂದುವರಿಸಿ. ಕರೆಂಟು ಹೋಗಿ ಬಂದು ಮಾಡಿದರೆ ತೊಂದರೆಯಿಲ್ಲ, ಒಟ್ಟು ಗಂಟೆ ಆದರಾಯಿತು. ಹೊಸ ಬ್ಯಾಟರಿಯನ್ನು ಜೊತೆಗೆ ವೈರಿನಿಂದ ಕಟ್ಟಿ ‘ಜಂಪ್’ ಕೊಡುವ ಉಪಾಯ ಬೇಡ. ಒಮ್ಮೆಲೇ ಎಷ್ಟು ಕರೆಂಟು ನುಗ್ಗುತ್ತದೆ ಎನ್ನುವುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ.

ಹೈಡ್ರೋಮೀಟರ್ ಹೇಳಿದ್ದೇ ಕೊನೆ ಮಾತು

ಸೆಲ್‌ಗಳಲ್ಲಿ ಸಮನಾಗಿ ಗುಳ್ಳೆ ಬರತೊಡಗಿದ ಮೇಲೆ ಗ್ರ್ಯಾವಿಟಿ (ಒಳಗಿನ ಆಸಿಡ್ ಎಷ್ಟು ಗಡುಸು ಎನ್ನುವ ಅಳತೆ, ಬರೀ ನೀರಿಗೆ 1000) ನೋಡಿ. ಅದನ್ನು ಅಳೆಯುವ ಹೈಡ್ರೋಮೀಟರ್ ಅಗ್ಗದ ಸಾಮಾನು. ಇನ್ವರ್ಟರ್ ಇರುವ ಪ್ರತಿ ಮನೆಯಲ್ಲೂ ಒಂದಿರಬೇಕು. ನೆಟ್ಟಗೆ ಹಿಡಿದು, ರಬ್ಬರ್ ಬುರುಡೆ ಒತ್ತಿ, ಒಳಗಿನ ತೇಲು ಗಾಜಿನ ಗೋಡೆಗೆ ತಾಗದಷ್ಟು ದ್ರವ ಎಳೆಯಿರಿ. ಕಣ್ಣಿನ ಮಟ್ಟದಲ್ಲಿ ಓದಿ, ಅದೇ ಸೆಲ್‌ಗೆ ವಾಪಸ್ ಬಿಡಿ. ನೀರು ಹಾಕಿದ ಕೂಡಲೇ ನೋಡಬೇಡಿ, ಮೇಲಿರುವುದು ಬರೀ ನೀರು. ಆರು ಸೆಲ್‌ನ ಅಂಕಿಯನ್ನೂ ಚೀಟಿಯಲ್ಲಿ ಬರೆದಿಡಿ.

ಖಾಲಿಯಿದ್ದಾಗ 1120 ಹತ್ತಿರ ಇದ್ದದ್ದು ತುಂಬಿದಾಗ ಟ್ಯೂಬುಲರ್‌ನಲ್ಲಿ ಸಾಮಾನ್ಯವಾಗಿ 1240 ಸುತ್ತ ಬರಬೇಕು. ಗಂಟೆಗೊಮ್ಮೆ ನೋಡಿದಾಗ ಮೂರು ಸಲ ಒಂದೇ ಅಂಕಿ ಬಂದರೆ ಚಾರ್ಜ್ ಮುಗಿಯಿತು. ಐದು ಸೆಲ್ 1230ರಲ್ಲಿದ್ದು ಒಂದು ಮಾತ್ರ 1150ರಲ್ಲೇ ಕೂತಿದ್ದರೆ ಆ ಸೆಲ್ ಹೋಗಿದೆ. ಅದರ ಸುತ್ತ ಗುಳ್ಳೆಯೂ ಇರುವುದಿಲ್ಲ. ಒಂದು ಸೆಲ್ ಎಂದರೆ ಸುಮಾರು 2.1 ವೋಲ್ಟ್. ಪೂರ್ತಿ ಚಾರ್ಜ್ ಮಾಡಿಟ್ಟ ಬ್ಯಾಟರಿ 10.5 ಮಾತ್ರ ತೋರಿಸಿದರೂ ಅದೇ ಅರ್ಥ. ಸೆಲ್ ಬದಲಿಸಿ ಕೊಡುತ್ತೇವೆ ಎನ್ನುವವರ ಮಾತಿಗೆ ಹೋಗಬೇಡಿ.

ಎಲ್ಲ ಸರಿ ಇದ್ದರೆ ನೀರು ಮಟ್ಟ ಮಾಡಿ, ಒಂದು ರಾತ್ರಿ ಸುಮ್ನೆ ಬಿಡಿ. ಬೆಳಿಗ್ಗೆ 12.6 ಇದ್ದರೆ ಒಳ್ಳೆಯದು. ಟರ್ಮಿನಲ್‌ಗೆ ವ್ಯಾಸಲಿನ್ ಹಚ್ಚಿ ಜೋಡಿಸಿ. ಮೈನ್ ಆಫ್ ಮಾಡಿ ಎರಡು ಫ್ಯಾನು, ನಾಲ್ಕು ಲೈಟು ಹಾಕಿ. ಗಂಟೆ ಕಳೆದ ಮೇಲೂ 12ಕ್ಕಿಂತ ಮೇಲಿದ್ದರೆ ಬ್ಯಾಟರಿ ಉಳಿಯಿತು.

ಬದಲಿಸಲೇಬೇಕಾದರೆ

ಆರು ವರ್ಷ ದಾಟಿದ್ದು, ಹೊಟ್ಟೆ ಉಬ್ಬಿದ್ದು, ಸೆಲ್ ಹೋದದ್ದು, ಇವುಗಳ ಮೇಲೆ ಶ್ರಮ ಹಾಕಬೇಡಿ. ಹೊಸದು ತರುವಾಗ ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲಿ ಬಹಳ ದಿನ ಕೂತದ್ದು ಬೇಡ. ಕಡಿಮೆಗೆ ಸಿಗುತ್ತದೆ ಎಂದು ಕಾರಿನ ಬ್ಯಾಟರಿ ತರಬೇಡಿ. ಅದರ ತೆಳು ಪ್ಲೇಟು ಪದೇ ಪದೇ ಖಾಲಿಯಾಗುವುದನ್ನು ತಡೆಯುವುದಿಲ್ಲ. ಎರಡು ಬ್ಯಾಟರಿಯ ಇನ್ವರ್ಟರ್ ಆದರೆ ಎರಡನ್ನೂ ಒಟ್ಟಿಗೇ ಬದಲಿಸಿ.

ಹಳೆಯದನ್ನು ಹೊಸದು ಕೊಂಡಲ್ಲೇ ಕೊಟ್ಟು ತೂಕದ ದರ ಮುರಿಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದು. ತೂಕ ಕಡಿಮೆ ಮಾಡಲು ಆಸಿಡನ್ನು ತೋಟದ ಬಸಿಗಾಲುವೆಗೆ ಚೆಲ್ಲುವುದುಂಟು. ಅದರಲ್ಲಿ ಸೀಸ ಇದೆ. ಅಡಿಕೆ ಬುಡದ ಮಣ್ಣಿಗೂ ಬಾವಿಗೂ ಅದು ಸೇರಬಾರದು.

ಎಮರ್ಜೆನ್ಸಿ ಲೈಟಿನ ಲಿಥಿಯಂ ಸೆಲ್‌ಗೆ ಇದ್ಯಾವುದೂ ಹೊಂದುವುದಿಲ್ಲ. 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಇದ್ದರೆ ಒಳಗಿನ ತಾಮ್ರ ಕರಗಿ, ಚಾರ್ಜ್ ಮಾಡುವಾಗ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಉಬ್ಬಿದ್ದನ್ನಂತೂ ಚಾರ್ಜಿಗೆ ಹಾಕದೆ ಬದಲಿಸಿ.

ಬೆಂಗಳೂರಿನ ಮಕ್ಕಳ ಮನೆಗೆಂದು ತಿಂಗಳುಗಟ್ಟಲೆ ಬಾಗಿಲು ಹಾಕಿ ಹೋಗುವವರು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಇನ್ವರ್ಟರ್ ಆಫ್ ಮಾಡಿ, ಮೈನಸ್ ವೈರು ಬಿಚ್ಚಿಟ್ಟು ಹೋಗಿ. ಪಕ್ಕದ ಮನೆಯವರಿಗೆ ಕೀಲಿಕೈ ಕೊಟ್ಟು, ಒಂದೆರಡು ತಿಂಗಳಿಗೊಮ್ಮೆ ವೈರು ಜೋಡಿಸಿ ಒಂದು ದಿನ ಚಾರ್ಜಿಗೆ ಹಾಕಲು ಹೇಳಿ. ವೈರು ಬಿಗಿಯಲು 10-12ರ ಪಾನಾವನ್ನು ಬ್ಯಾಟರಿಯ ಪಕ್ಕದ ಮೊಳೆಗೆ ನೇತುಹಾಕಿದ್ದರೆ ಅವರಿಗೂ ಹುಡುಕುವ ಕೆಲಸವಿಲ್ಲ.