ಪ್ರಾರ್ಥನೆಗೆ ಮಾತೇ ಬರದ ದಿನ

ಕೆಲವು ದಿನ ಮಂಡಿಯೂರಿದರೂ ಮಾತು ಬರುವುದಿಲ್ಲ, ಅಲ್ವಾ? ಸುಮ್ನೆ ಒದ್ದಾಡಬೇಡಿ. ಬೈಬಲ್‌ನಲ್ಲಿ ಕೀರ್ತನೆ 13 ತೆಗೆದು ಜೋರಾಗಿ ಓದಿ. ಇರುವುದು ಆರೇ ವಚನ. ಶುರುವಿನಲ್ಲೇ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೇವರ ಮುಂದೆ ಗೊಣಗಬಾರದು ಅಂತ ನಮಗೆ ಯಾರು ಹೇಳಿಕೊಟ್ಟರೋ! 5ನೇ ವಚನಕ್ಕೆ ಬರುವಷ್ಟರಲ್ಲಿ ಅದೇ ಬಾಯಿ ದೇವರ ಕೃಪೆಯಲ್ಲಿ ಭರವಸೆ ಇಟ್ಟಿದ್ದೇನೆ ಅನ್ನುತ್ತದೆ.

ಓದಿದ ಮೇಲೆ ನಿಮ್ಮದೇ ಒಂದು ‘ಎಷ್ಟರವರೆಗೆ’ಯನ್ನು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಅದೇ ಪುಟದಲ್ಲಿ ಇಡಿ. ನನ್ನದೊಂದು ಚೀಟಿ ಅಂಚೆಲ್ಲಾ ಹಳದಿಯಾಗಿದೆ. ಉತ್ತರ ಇನ್ನೂ ಬಂದಿಲ್ಲ. ಬಿಸಾಡಲು ಮಾತ್ರ ಮನಸ್ಸಾಗಿಲ್ಲ.

ಆಮೇಲೆ ನಿಮ್ಮ ಹಾಗೇ ಕಾಯುತ್ತಿರುವ ಒಬ್ಬರಿಗೆ ಫೋನ್ ಮಾಡಿ. ಉಪದೇಶ ಬೇಡ. ಅವರು ಮಾತಾಡಲಿ, ನೀವು ಕೇಳಿಸಿಕೊಳ್ಳಿ.