ಇದನ್ನು ಬರೆಸಿದವರು ಯಾರು?

ಮನೆತನದ ಇತಿಹಾಸ ಹುಡುಕಲು ಹೊರಟವರಿಗೆ ಆದಷ್ಟು ಬೇಗ ಏಳನೇ ತಲೆಮಾರು ಮುಟ್ಟುವ ಆತುರ. ನಾನು ನನ್ನಿಂದಲೇ ಶುರುಮಾಡಿದೆ. ಒಂದು ತಲೆಮಾರು ಗಟ್ಟಿಯಾಗುವವರೆಗೆ ಅದರ ಹಿಂದಿನದಕ್ಕೆ ಕೈಹಾಕಲಿಲ್ಲ.

ಮೊದಲು ಹಿಡಿದದ್ದು ಹಿರಿಯರನ್ನು. ಕಚೇರಿಯ ದಾಖಲೆ ಮುಂದಿನ ವರ್ಷವೂ ಸಿಕ್ಕೀತು, ಎಂಬತ್ತು ದಾಟಿದವರ ನೆನಪು ಹಾಗಲ್ಲ. ಯಾವ ಇಸವಿ ಎಂದು ಕೇಳಿದರೆ ಯಾರೂ ಹೇಳಲಾರರು. ‘ನಿಮ್ಮ ಅಕ್ಕನ ಮದುವೆ ಆದಾಗ ನೀವು ಶಾಲೆಗೆ ಹೋಗ್ತಿದ್ರಾ?’ ಎಂದರೆ ಮಾತು ತಾನಾಗಿ ಹರಿಯುತ್ತದೆ. ಹಳೆಯ ಫೋಟೊಗಳನ್ನು ಮುಂದಿಟ್ಟು, ಒಪ್ಪಿಗೆ ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ್ದು ಒಳ್ಳೆಯದಾಯಿತು. ಇಬ್ಬರು ಒಟ್ಟಿಗಿದ್ದರೆ ಜೋರು ದನಿಯವರ ಕಥೆಯೇ ನಿಲ್ಲುತ್ತದೆ.

ಆಮೇಲೆ ಕಾಗದಪತ್ರ. ನನ್ನ ಅಜ್ಜನಿಗೆ ಮೂರು ಜನ್ಮವರ್ಷಗಳಿವೆ: ಶಾಲೆಯ ದಾಖಲೆಯಲ್ಲಿ ಒಂದು, ಪಿಂಚಣಿ ಪತ್ರದಲ್ಲಿ ಇನ್ನೊಂದು, ಮರಣ ಪ್ರಮಾಣಪತ್ರದ ವಯಸ್ಸಿನಿಂದ ಲೆಕ್ಕ ಹಾಕಿದರೆ ಮತ್ತೊಂದು. ಯಾವುದು ಸರಿ ಎಂದು ತಲೆಕೆಡಿಸಿಕೊಳ್ಳುವ ಮೊದಲು ಇದನ್ನು ಬರೆಸಿದವರು ಯಾರು ಎಂದು ಕೇಳಿಕೊಂಡೆ. ಮರಣ ಪತ್ರದಲ್ಲಿ ಸತ್ತ ದಿನಾಂಕವನ್ನು ನಂಬಬಹುದು, ಬರೆಸಿದವರು ಎದುರಿಗೇ ಇದ್ದವರು. ಅದೇ ಹಾಳೆಯಲ್ಲಿರುವ ವಯಸ್ಸು ಮಗನೋ ಅಳಿಯನೋ ಅಂದಾಜಿನಲ್ಲಿ ಹೇಳಿದ್ದು. ಅಂದರೆ ಒಂದೇ ದಾಖಲೆಯ ಒಂದು ಸಾಲು ಕಂಡದ್ದು, ಪಕ್ಕದ ಸಾಲು ಕೇಳಿದ್ದು. ಶಾಲೆಯದು ಎಲ್ಲಕ್ಕಿಂತ ಹಳೆಯದು ನಿಜ, ಆದರೆ ಸೇರಿಸುವ ವಯಸ್ಸಿಗೆ ಹೊಂದುವಂತೆ ಹುಟ್ಟಿದ ತಾರೀಖು ಕೊಡುವುದು ಎಲ್ಲ ಕಾಲದಲ್ಲೂ ನಡೆದಿದೆ. ನಾನು ಮೂರನ್ನೂ ಬರೆದಿಟ್ಟೆ, ಎಲ್ಲೆಲ್ಲಿಂದ ಬಂತು ಎಂಬುದರ ಸಮೇತ.

ದೊಡ್ಡ ಸರ್ಕಾರಿ ದಾಖಲೆಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಅಮೆರಿಕದ 1940ರ ಜನಗಣತಿಯಲ್ಲಿ ಮಾಹಿತಿ ಕೊಟ್ಟವರ ಹೆಸರಿನ ಪಕ್ಕ ವೃತ್ತದೊಳಗೆ ಎಕ್ಸ್ ಗುರುತು ಹಾಕುತ್ತಿದ್ದರು. ಎಲ್ಲ ದಾಖಲೆಗಳೂ ಹೀಗಿದ್ದರೆ ನಮ್ಮ ಅರ್ಧ ಕೆಲಸ ಉಳಿಯುತ್ತಿತ್ತು! ಇಂಗ್ಲೆಂಡಿನ 1841ರ ಗಣತಿಯಲ್ಲಿ ದೊಡ್ಡವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. ಅಲ್ಲಿ 35 ಎಂದಿದ್ದರೆ 39 ಕೂಡ ಆಗಿರಬಹುದು. ಬ್ರಿಟನ್ 1752ರಲ್ಲಿ ಕ್ಯಾಲೆಂಡರ್ ಬದಲಿಸಿ ಹನ್ನೊಂದು ದಿನ ಹಾರಿಸಿತು, ಹಾಗಾಗಿ ಅದಕ್ಕಿಂತ ಹಿಂದಿನ ತಾರೀಖನ್ನು ಹಾಗೆಯೇ ನಕಲು ಮಾಡಿ ಇಟ್ಟುಕೊಳ್ಳುವುದು ಕ್ಷೇಮ. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರು ಬದಲಿಸಿದರು ಎಂಬ ಕಥೆ ಎಷ್ಟೋ ಮನೆಗಳಲ್ಲಿ ಇದೆ. ಆದರೆ ಅಲ್ಲಿಯವರು ಎದುರಿಗೆ ಇಟ್ಟುಕೊಂಡು ನೋಡುತ್ತಿದ್ದದ್ದು ಹಡಗು ಹೊರಟ ಬಂದರಿನಲ್ಲೇ ಅದರ ಕಂಪನಿ ಬರೆಸಿದ್ದ ಪಟ್ಟಿಯನ್ನು.

ಯಾವುದು ನೋಡಲು ಸಿಗುತ್ತದೆ ಎಂಬುದು ದೇಶದ ಮೇಲೆ ಹೋಗುತ್ತದೆ. ಅಮೆರಿಕ 72 ವರ್ಷದ ನಂತರ ಗಣತಿಯ ಹಾಳೆಗಳನ್ನು ತೆರೆಯುತ್ತದೆ, 1950ರದ್ದು 2022ರಲ್ಲಿ ಹೊರಬಂತು. ಭಾರತದಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರವನ್ನು ಯಾರೂ ನೋಡುವಂತಿಲ್ಲ. ಹಣ ಕೇಳುವ ತಾಣಗಳಿಗೆ ಹೋಗುವ ಮೊದಲು ಫ್ಯಾಮಿಲಿಸರ್ಚ್ ಎಂಬ ವಂಶದಾಖಲೆಗಳ ಜಾಲತಾಣ ನೋಡಿ, ಅದು ಉಚಿತ. ಅದನ್ನು ನಡೆಸುವ ಸಂಸ್ಥೆ 1938ರಿಂದ ದಶಕಗಳ ಕಾಲ ಜಗತ್ತಿನ ನಾನಾ ಕಡೆ ದಾಖಲೆಗಳ ಮೈಕ್ರೋಫಿಲ್ಮ್ ತೆಗೆಯಿತು. ಆದರೆ ಅಲ್ಲಿರುವ ಮೂಲ ದಾಖಲೆಯ ಚಿತ್ರ ಬೇರೆ, ಬಳಕೆದಾರರು ಹೆಣೆದ ವಂಶವೃಕ್ಷ ಬೇರೆ. ಎರಡನೆಯದನ್ನು ನಾನು ಸುಳಿವು ಎಂದಷ್ಟೇ ನೋಡುತ್ತೇನೆ. ಒಬ್ಬರ ಊಹೆ ಹತ್ತು ಜನರ ನಕಲಿನಲ್ಲಿ ಹತ್ತು ಸಾಕ್ಷಿಯಂತೆ ಕಾಣುತ್ತದೆ.

ಬರೆದಿಡುವುದಕ್ಕೆ ಹಳೆಯ ಸಂಖ್ಯಾಕ್ರಮವನ್ನೇ ಬಳಸಿದೆ: ನಾನು 1, ತಂದೆ 2, ತಾಯಿ 3. ಯಾರದೇ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ತಂತ್ರಾಂಶ ಯಾವುದಾದರೂ ಇರಲಿ, ಆಗಾಗ ಬೇರೆ ವಂಶವೃಕ್ಷ ತಂತ್ರಾಂಶಗಳೂ ಓದಬಲ್ಲ ಜೆಡ್‌ಕಾಮ್ ರೂಪದಲ್ಲಿ ಪ್ರತಿ ತೆಗೆದಿಟ್ಟುಕೊಳ್ಳಿ.

ಡಿಎನ್‌ಎ ಪರೀಕ್ಷೆಯ ವಿಚಾರದಲ್ಲಿ ನಾನು ಹಿಂಜರಿದೆ, ಈಗಲೂ ಮಾಡಿಸಿಲ್ಲ. ದೊಡ್ಡಪ್ಪನ ಮಕ್ಕಳ ಜೊತೆ ನಮ್ಮದು ಸರಾಸರಿ ಶೇ. 12.5ರಷ್ಟು ಹೊಂದುತ್ತದೆ, ಮೂರನೇ ಹಂತದ ದಾಯಾದಿಗಳಿಗೆ (ಮುತ್ತಜ್ಜನ ಅಪ್ಪ ಅಮ್ಮ ಒಬ್ಬರೇ ಆಗಿರುವವರಿಗೆ) ಬರುವಷ್ಟರಲ್ಲಿ ಹತ್ತರಲ್ಲಿ ಒಬ್ಬರ ಜೊತೆ ಏನೂ ಹೊಂದದೆ ಹೋಗಬಹುದು. ಹೊಂದದಿದ್ದರೆ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ನನ್ನ ಚಿಂತೆ ಬೇರೆ. ದತ್ತು, ಮುಚ್ಚಿಟ್ಟ ಮದುವೆ, ತಂದೆ ಬೇರೆಯವರೆಂಬ ಸತ್ಯ ಹೊರಬಂದರೆ ಅದು ನನ್ನೊಬ್ಬನದಲ್ಲ. ಹಿರಿಯರೊಬ್ಬರು ‘ಇದನ್ನ ಬರೀಬೇಡ ಮಗಾ’ ಎಂದು ಹೇಳಿದ್ದನ್ನು ನಾನು ಬರೆದಿಲ್ಲ, ರೆಕಾರ್ಡಿನಿಂದಲೂ ತೆಗೆದಿದ್ದೇನೆ. ಬದುಕಿರುವವರ ವಿವರ ಯಾವ ತಾಣಕ್ಕೂ ಹಾಕಿಲ್ಲ.

ನಿಜವಾಗಿ ಕಷ್ಟವಾದದ್ದು ಹೆಂಗಸರ ಕಡೆ. ಮದುವೆಯಾದ ಮೇಲೆ ‘ಇಂಥವರ ಹೆಂಡತಿ’ ಎಂದಷ್ಟೇ ದಾಖಲೆಯಲ್ಲಿ ಉಳಿದವರು ಅವರು. ನೇರ ದಾರಿ ಮುಚ್ಚಿದಲ್ಲಿ ಪಕ್ಕದವರನ್ನು ಹುಡುಕಬೇಕು: ಅಣ್ಣತಮ್ಮಂದಿರು, ಮದುವೆಗೆ ಸಾಕ್ಷಿ ಹಾಕಿದವರು, ಆಸ್ತಿ ಪತ್ರದಲ್ಲಿ ಹೆಬ್ಬೆಟ್ಟು ಒತ್ತಿದವರು. ಅಪ್ಪನ ಅಮ್ಮನ ತವರು ನನಗೆ ಸಿಕ್ಕಿದ್ದು ಹಾಗೆ, ಅವಳ ತಮ್ಮ ಸಾಕ್ಷಿಯಾಗಿದ್ದ ಒಂದು ಕ್ರಯಪತ್ರದಲ್ಲಿ. ಅವಳ ತಾಯಿ ನನ್ನ ಪಟ್ಟಿಯಲ್ಲಿ 11. ಆ ಸಂಖ್ಯೆಯ ಎದುರು ಈಗ ಇರುವುದು ಒಂದು ಹೆಸರು, ಪಕ್ಕದಲ್ಲಿ ‘ಸೋದರಮಾವ ಹೇಳಿದ್ದು, ದಾಖಲೆ ಇಲ್ಲ’ ಎಂಬ ಟಿಪ್ಪಣಿ. ಆ ತಮ್ಮನ ಹೆಸರಿರುವ ಬೇರೆ ಪತ್ರಗಳನ್ನು ಈಗ ಓದುತ್ತಿದ್ದೇನೆ.